ಇಳಿವಯಸ್ಸಿನ ರಕ್ತನಾಳ: ಬಿಪಿ ಮಾತ್ರೆ ಮತ್ತು ಉತ್ಕರ್ಷಣದ ಒತ್ತಡ



2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೆಸರು ಬೆಳಗಾದರೆ ಪತ್ರಿಕೆಯಲ್ಲಿ, ಸಂಜೆಯಾದರೆ ಟಿವಿಯಲ್ಲಿ ಇರುತ್ತಿತ್ತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಆ ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಇಲ್ಲವೇ ಹಾಗೆಂದು ಊಹಿಸಬಹುದಾದವು. ಉಳಿದ ನಾಲ್ಕಕ್ಕೆ ಬೇರೆ ಬೇರೆ ಕಾರಣಗಳಿದ್ದವು. ಜಿಲ್ಲೆಗೆ ಹೊಸದಾಗಿ ಒಕ್ಕರಿಸಿದ ರೋಗವೊಂದು ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಪರಿಚಿತರೇ: ಬಿಪಿ, ಸಕ್ಕರೆ ಕಾಯಿಲೆ, ತಂಬಾಕು. ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದರು ಎಂಬುದೇ ಸುದ್ದಿಯ ಬಿಸಿಗೆ ಕಾರಣ. ಆ ಬಿಸಿಯಲ್ಲಿ ಮರೆಯಾದವರು ಮನೆಯ ಹಿರಿಯರು. ವರ್ಷಗಳಿಂದ ಬಿಪಿ ಇದ್ದು, ಮಾತ್ರೆಯನ್ನು ಒಂದು ದಿನ ನುಂಗಿ ಎರಡು ದಿನ ಬಿಡುವ ಅರವತ್ತು, ಎಪ್ಪತ್ತು, ಎಂಬತ್ತರ ಜನ. ಅವರಿಗೆ ಲಕ್ವ ಹೊಡೆದರೆ ಅದು ಸುದ್ದಿಯಲ್ಲ, ವಯಸ್ಸಾಯಿತು ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಇಂದಿನ ಉಪನ್ಯಾಸ ಅವರನ್ನು ಕುರಿತದ್ದು.

ಭಯ ಹುಟ್ಟಿದ ಕಡೆ ಮಾರಾಟವೂ ಹುಟ್ಟುತ್ತದೆ. ರಕ್ತನಾಳವನ್ನು ಶುದ್ಧಮಾಡುವ ರಸ, ಹೃದಯಕ್ಕೆ ಬಲ ಕೊಡುವ ಪುಡಿ, ಆಂಟಿಆಕ್ಸಿಡೆಂಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಕ್ಯಾಪ್ಸೂಲು ಇವೆಲ್ಲ ಈಗ ಪೇಟೆಯ ಮೆಡಿಕಲ್ ಸ್ಟೋರಿನಿಂದ ಹಳ್ಳಿಯ ಕಿರಾಣಿ ಅಂಗಡಿಯವರೆಗೂ ಬಂದಿವೆ. ಇವುಗಳ ಹಿಂದಿನ ವಾದ ಪೂರ್ತಿ ಸುಳ್ಳಲ್ಲ, ಅದೇ ತೊಡಕು. ಬಿಪಿ ಹೆಚ್ಚಿರುವ ಹಿರಿಯರ ರಕ್ತನಾಳದಲ್ಲಿ ಉತ್ಕರ್ಷಣದ ಒತ್ತಡ ಹೆಚ್ಚಿರುವುದು ನಿಜ. ಆ ಒತ್ತಡ ನಾಳವನ್ನು ಹಾಳುಮಾಡುವುದೂ ನಿಜ. ಆದರೆ ಅದನ್ನು ಇಳಿಸಲು ಆಂಟಿಆಕ್ಸಿಡೆಂಟ್ ತಿನ್ನಬೇಕು ಎಂಬಲ್ಲಿಗೆ ಬಂದಾಗ ವಾದ ಮುಗ್ಗರಿಸುತ್ತದೆ. ನಾನು ಇಂದು ಹೇಳಹೊರಟಿರುವುದು ಇಷ್ಟೇ: ಇಳಿವಯಸ್ಸಿನ ರಕ್ತನಾಳವನ್ನು ಉತ್ಕರ್ಷಣದ ಹಾನಿಯಿಂದ ಕಾಪಾಡಲು ನಮ್ಮ ಕೈಯಲ್ಲಿರುವ ಪುರಾವೆಯುಳ್ಳ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಬಿಪಿ ಮಾತ್ರೆಯೇ. ಅದರಲ್ಲೂ ಯಾವ ಮಾತ್ರೆಗೆ ಎಷ್ಟು ಆಂಟಿಆಕ್ಸಿಡೆಂಟ್ ಗುಣವಿದೆ ಎಂದು ಲೆಕ್ಕಹಾಕುವುದಕ್ಕಿಂತ, ತೋಳಿಗೆ ಪಟ್ಟಿ ಕಟ್ಟಿ ನೋಡಿದಾಗ ಬರುವ ಅಂಕಿ ಇಳಿಯಿತೇ ಎಂಬುದು ದೊಡ್ಡ ಪ್ರಶ್ನೆ.

ಮೊದಲು ಒಳಗೆ ನಡೆಯುವುದೇನು ನೋಡೋಣ. ರಕ್ತನಾಳದ ಒಳಮೈಗೆ ಎಂಡೋಥೀಲಿಯಮ್ ಎಂಬ ಒಂದೇ ಕೋಶದ ದಪ್ಪದ ಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಕ್ಷಣಕ್ಷಣವೂ ತಯಾರಿಸುತ್ತದೆ. ಆ ಅನಿಲ ನಾಳದ ಸ್ನಾಯುವನ್ನು ಸಡಿಲಿಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಇದನ್ನು ಬಯಲಿಗೆ ತಂದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಇದೇ ನಾಳದ ಗೋಡೆಯಲ್ಲಿ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವೂ ಇದೆ. ಅದರ ಕೆಲಸ ಆಮ್ಲಜನಕದಿಂದ ಸೂಪರಾಕ್ಸೈಡ್ ಎಂಬ ಚುರುಕಾದ ಫ್ರೀ ರ‍್ಯಾಡಿಕಲ್ ಮಾಡುವುದು. ಸೂಪರಾಕ್ಸೈಡ್ ಹೆಚ್ಚಾದರೆ ಅದು ಮೊದಲು ಹಿಡಿಯುವುದು ನೈಟ್ರಿಕ್ ಆಕ್ಸೈಡನ್ನೇ. ಎರಡೂ ಸೇರಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ನಾಳವನ್ನು ಸಡಿಲಿಸುವ ಅನಿಲ ಹೋಯಿತು, ಅದರ ಜಾಗದಲ್ಲಿ ಗೋಡೆಯನ್ನು ಕೊರೆಯುವ ರಾಸಾಯನಿಕ ಬಂತು. ಇಷ್ಟಕ್ಕೇ ನಿಲ್ಲುವುದಿಲ್ಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಬೇಕಾದ ಸಹಾಯಕ ವಸ್ತುವೇ ಈ ಹಾನಿಗೆ ಸಿಕ್ಕಿ ಕೆಟ್ಟಾಗ, ಆ ಕಿಣ್ವವೂ ಪಕ್ಷ ಬದಲಿಸಿ ಸೂಪರಾಕ್ಸೈಡ್ ಮಾಡತೊಡಗುತ್ತದೆ. ಉತ್ಕರ್ಷಣದ ಒತ್ತಡ ಎನ್ನುವುದು ಹೀಗೆ ಫ್ರೀ ರ‍್ಯಾಡಿಕಲ್‌ಗಳು ಮಿತಿಮೀರುವುದನ್ನು. ಅದು ಹಾನಿಯನ್ನು ಹೆಚ್ಚಿಸುತ್ತದೆ, ಹಾನಿ ಅದನ್ನು ಹೆಚ್ಚಿಸುತ್ತದೆ.

ಈ ಚಕ್ರವನ್ನು ತಿರುಗಿಸುವವರಲ್ಲಿ ಮುಖ್ಯವಾದದ್ದು ಆಂಜಿಯೊಟೆನ್ಸಿನ್-2 ಎಂಬ ಹಾರ್ಮೋನು. ಉಪ್ಪು, ನೀರು, ರಕ್ತದ ಒತ್ತಡಗಳನ್ನು ಕಾಯುವ ಕೆಲಸ ಅದರದ್ದು. ಅದು ನಾಳದ ಸ್ನಾಯುಕೋಶಗಳಲ್ಲಿ ಮೇಲೆ ಹೇಳಿದ ಆಕ್ಸಿಡೇಸ್ ಕಿಣ್ವವನ್ನು ಕೆರಳಿಸುತ್ತದೆ ಎಂದು ಕ್ಯಾಥಿ ಗ್ರೀಂಡ್ಲಿಂಗ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ವಯಸ್ಸು ಇದಕ್ಕೆ ಇನ್ನೊಂದು ತೂಕ ಸೇರಿಸುತ್ತದೆ. ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗಿ ಕುಗ್ಗುವುದು ಅದರ ಗೋಡೆಯಲ್ಲಿರುವ ಎಲಾಸ್ಟಿನ್ ನಾರಿನಿಂದ. ಕೋಟ್ಯಂತರ ಬಡಿತ ತಡೆದ ಮೇಲೆ ಆ ನಾರು ಸವೆದು, ಮುರಿದು, ನಾಳ ಬಿರುಸಾಗುತ್ತದೆ. ಬಿರುಸಾದ ನಾಳಕ್ಕೆ ಹೃದಯ ರಕ್ತ ನೂಕಿದಾಗ ಒತ್ತಡ ಮೇಲೇರುತ್ತದೆ, ಬಿಟ್ಟಾಗ ಬೇಗ ಕುಸಿಯುತ್ತದೆ. ಹಿರಿಯರಲ್ಲಿ ಮೇಲಿನದು 170, ಕೆಳಗಿನದು 75 ಎಂದು ಬರುವುದು ಇದರಿಂದ. ಒಂದು ಕಾಲದಲ್ಲಿ ವೈದ್ಯರೇ ಇದನ್ನು ವಯೋಸಹಜವೆಂದು ಬಿಟ್ಟುಬಿಡುತ್ತಿದ್ದರು. ಮುದಿ ಮಿದುಳಿಗೆ ರಕ್ತ ತಲುಪಲು ಅಷ್ಟು ಒತ್ತಡ ಬೇಕೇ ಬೇಕು ಎಂಬ ನಂಬಿಕೆಯೂ ಇತ್ತು. ನಮ್ಮ ಕಟ್ಟೆಯ ಮಾತಿನಲ್ಲಿ ಆ ನಂಬಿಕೆ ಇನ್ನೂ ಜೀವಂತವಾಗಿದೆ.

ಈಗ ಆಂಟಿಆಕ್ಸಿಡೆಂಟ್ ಪಕ್ಷದ ವಾದ. ಉತ್ಕರ್ಷಣವೆಂದರೆ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ, ತುಕ್ಕು ತೊಳೆಯುವ ವಸ್ತು ಕೊಟ್ಟರೆ ನಾಳ ಉಳಿಯುತ್ತದೆ ಎನ್ನುತ್ತಾರೆ. ಕೇಳಲು ಸರಳ, ಹಾಗಾಗಿ ಮನಸ್ಸಿಗೆ ಬೇಗ ನಾಟುತ್ತದೆ. ಆದರೆ ಈ ಹೋಲಿಕೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ತುಕ್ಕಿನಿಂದ ಕಬ್ಬಿಣಕ್ಕೆ ಏನೂ ಉಪಯೋಗವಿಲ್ಲ. ಫ್ರೀ ರ‍್ಯಾಡಿಕಲ್‌ಗಳಿಂದ ದೇಹಕ್ಕೆ ಉಪಯೋಗವಿದೆ. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ಕೊಲ್ಲುವುದು ಇದೇ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವದ ಕುಟುಂಬದಿಂದ ಬಂದ ಸೂಪರಾಕ್ಸೈಡ್ ಬಳಸಿ. ಹುಟ್ಟಿನಿಂದಲೇ ಆ ಕಿಣ್ವ ಕೆಟ್ಟಿರುವ ಮಕ್ಕಳಿಗೆ ಸೋಂಕಿನ ಮೇಲೆ ಸೋಂಕು ಬರುತ್ತದೆ. ಜೊತೆಗೆ ವೇಗದ ಪ್ರಶ್ನೆ ಇದೆ, ಅದು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಸೂಪರಾಕ್ಸೈಡ್ ನೈಟ್ರಿಕ್ ಆಕ್ಸೈಡ್ ಜೊತೆ ಸೇರುವ ವೇಗ ಅದು ವಿಟಮಿನ್ ಸಿ ಜೊತೆ ಸೇರುವ ವೇಗಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ವಿಟಮಿನ್ ಸಿ ಆ ಓಟದಲ್ಲಿ ಗೆಲ್ಲಬೇಕಾದರೆ ರಕ್ತದಲ್ಲಿ ಅದರ ಪ್ರಮಾಣ ಬಾಯಿಂದ ನುಂಗಿ ಎಂದಿಗೂ ಮುಟ್ಟಲಾಗದಷ್ಟು ಏರಬೇಕು. ಸೂಪರಾಕ್ಸೈಡನ್ನು ಹುಟ್ಟಿದ ಮೇಲೆ ಹಿಡಿಯಹೊರಟರೆ ಸೋಲು ಖಂಡಿತ, ಹುಟ್ಟುವುದನ್ನೇ ಕಡಿಮೆಮಾಡಬೇಕು. ಆಂಜಿಯೊಟೆನ್ಸಿನ್ ತಯಾರಾಗದಂತೆ ತಡೆಯುವ ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳೂ, ಅದು ಕೋಶಕ್ಕೆ ಅಂಟದಂತೆ ತಡೆಯುವ ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನವೂ ಮಾಡುವುದು ಈ ಎರಡನೆಯ ಕೆಲಸ.

ಇದು ಕಾಗದದ ಮೇಲಿನ ತರ್ಕ ಎನ್ನಬಹುದು. ಹಾಗಿದ್ದರೆ ಎರಡನ್ನೂ ಒಂದೇ ಕಣದಲ್ಲಿ ಇಳಿಸಿ ನೋಡಬೇಕಿತ್ತು. ನಮ್ಮ ಅದೃಷ್ಟಕ್ಕೆ ಯಾರೋ ನೋಡಿದ್ದಾರೆ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೆನಡಾದ ಹ್ಯಾಮಿಲ್ಟನ್‌ನಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ಮುಂದಾಳತ್ವದ ಹೋಪ್ ಅಧ್ಯಯನದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. 55 ದಾಟಿದ, ಹೃದಯ ರೋಗವೋ ಸಕ್ಕರೆ ಕಾಯಿಲೆಯ ಜೊತೆ ಮತ್ತೊಂದು ಅಪಾಯವೋ ಇದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಸುಮಾರು ಅರ್ಧದಷ್ಟು ಮಂದಿಗೆ ಬಿಪಿ ಇತ್ತು. ಒಂದೇ ಜನರನ್ನು ಎರಡು ಬಾರಿ ಚೀಟಿ ಎತ್ತಿ ಹಂಚಿದ್ದು ಅದರ ಜಾಣ್ಮೆ: ಒಮ್ಮೆ ರಾಮಿಪ್ರಿಲ್ ಅಥವಾ ಹುಸಿಮಾತ್ರೆ, ಇನ್ನೊಮ್ಮೆ ವಿಟಮಿನ್ ಇ ಅಥವಾ ಹುಸಿಮಾತ್ರೆ. ನಾಲ್ಕೂವರೆ, ಐದು ವರ್ಷದ ನಂತರ ಲೆಕ್ಕ ನೋಡಿದಾಗ, ಹೃದಯಾಘಾತ, ಲಕ್ವ ಅಥವಾ ಹೃದಯ ಮತ್ತು ರಕ್ತನಾಳದ ಕಾರಣದ ಸಾವು ಕಂಡವರು ಹುಸಿಮಾತ್ರೆಯ ಗುಂಪಿನಲ್ಲಿ ನೂರಕ್ಕೆ 17.8, ರಾಮಿಪ್ರಿಲ್ ಗುಂಪಿನಲ್ಲಿ 14. ವಿಟಮಿನ್ ಇ ತಿಂದವರಲ್ಲಿ 16.2, ತಿನ್ನದವರಲ್ಲಿ 15.5. ವಿಟಮಿನ್‌ನಿಂದ ಲಾಭ ಸೊನ್ನೆ. ಅಧ್ಯಯನವನ್ನು ಮುಂದುವರಿಸಿ 2005ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ವಿಟಮಿನ್ ಇ ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯ ಹೆಚ್ಚಿರುವುದು ಕಂಡಿತು. ಅಷ್ಟರಲ್ಲಿ ಇಂಗ್ಲೆಂಡಿನ ಹಾರ್ಟ್ ಪ್ರೊಟೆಕ್ಷನ್ ಅಧ್ಯಯನ 20,536 ಜನರಲ್ಲಿ ಅರ್ಧದಷ್ಟು ಮಂದಿಗೆ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್ ಮೂರನ್ನೂ ಸೇರಿಸಿ ಐದು ವರ್ಷ ಕೊಟ್ಟು, 2002ರಲ್ಲಿ ಅದೇ ಸೊನ್ನೆಯನ್ನು ವರದಿ ಮಾಡಿತ್ತು. ರಕ್ತದಲ್ಲಿ ವಿಟಮಿನ್ ಮಟ್ಟ ಏರಿತ್ತು. ಸಾವು ನೋವು ಮಾತ್ರ ಇದ್ದಲ್ಲೇ ಇತ್ತು.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಟಮಿನ್ ಕೊಟ್ಟಾಗ ರಕ್ತದಲ್ಲಿ ಎಂಡಿಎ, ಐಸೊಪ್ರಾಸ್ಟೇನ್ ಮುಂತಾದ ಉತ್ಕರ್ಷಣದ ಗುರುತುಗಳು ಇಳಿಯುವುದನ್ನು ಹಲವು ಸಣ್ಣ ಅಧ್ಯಯನಗಳು ತೋರಿಸಿವೆಯಲ್ಲ ಎಂದು ಕೇಳುತ್ತಾರೆ. ತೋರಿಸಿವೆ. ಆದರೆ ಗುರುತು ಬೇರೆ, ಗತಿ ಬೇರೆ. ಎಂಡಿಎ ಅಳೆಯುವ ಅಗ್ಗದ ವಿಧಾನ ರಕ್ತದಲ್ಲಿರುವ ಬೇರೆ ವಸ್ತುಗಳಿಗೂ ಬಣ್ಣ ಕೊಡುತ್ತದೆ. ಮಾದರಿಯನ್ನು ಇಟ್ಟ ರೀತಿ, ಮುಟ್ಟಿದ ರೀತಿಗೂ ಅಂಕಿ ಬದಲಾಗುತ್ತದೆ. ಚೊಕ್ಕವಾಗಿ ಅಳೆದರೂ, ರಕ್ತದಲ್ಲಿ ತೇಲುವ ಗುರುತು ನಾಳದ ಗೋಡೆಯೊಳಗಿನ ಸಂಗತಿಯನ್ನು ಪೂರ್ತಿ ಹೇಳುವುದಿಲ್ಲ. ಯಾವುದೇ ಗುರುತನ್ನು ನಂಬುವ ಮೊದಲು ಅದು ಇಳಿದಾಗ ಲಕ್ವವೂ ಇಳಿಯಿತೇ ಎಂದು ಕೇಳಬೇಕು. ಬಿಪಿಯ ಅಂಕಿ ಈ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಗೆದ್ದಿದೆ. ನಲವತ್ತೆಂಟು ಅಧ್ಯಯನಗಳ ಮೂರು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮೇಲಿನ ಅಂಕಿ 5 ಇಳಿದರೆ ಹೃದಯ ಮತ್ತು ರಕ್ತನಾಳದ ದೊಡ್ಡ ಅವಘಡಗಳು ಸುಮಾರು ನೂರಕ್ಕೆ ಹತ್ತರಷ್ಟು ತಗ್ಗುತ್ತವೆ ಎಂದು ಕಂಡಿತು. ಉತ್ಕರ್ಷಣದ ಯಾವ ಗುರುತಿಗೂ ಇಂಥ ದಾಖಲೆ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಆಂಟಿಆಕ್ಸಿಡೆಂಟ್ ಮಟ್ಟ ಪರೀಕ್ಷೆ ಮಾಡಿಸಿಕೊಳ್ಳುವ ಹೊಸ ಗೀಳಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಎರಡನೆಯ ಆಕ್ಷೇಪ ನನ್ನ ವಾದದ ಒಳಗಿನಿಂದಲೇ ಏಳುತ್ತದೆ. ಹೋಪ್ ಅಧ್ಯಯನದಲ್ಲಿ ರಾಮಿಪ್ರಿಲ್ ತೆಗೆದುಕೊಂಡವರ ಒತ್ತಡ ಇಳಿದದ್ದು ಅಲ್ಪ. ಲಾಭ ಮಾತ್ರ ದೊಡ್ಡದು. 2002ರ ಲೈಫ್ ಅಧ್ಯಯನದಲ್ಲಿ ಲೊಸಾರ್ಟಾನ್ ಮತ್ತು ಅಟೆನೊಲಾಲ್ ತೋಳಿನ ಒತ್ತಡವನ್ನು ಹೆಚ್ಚುಕಡಿಮೆ ಒಂದೇ ಸಮ ಇಳಿಸಿದರೂ, ಲೊಸಾರ್ಟಾನ್ ಗುಂಪಿನಲ್ಲಿ ಲಕ್ವ ಕಾಲುಭಾಗ ಕಡಿಮೆಯಿತ್ತು. ಇಲಿಗಳ ಮೇಲೆ 1996ರಲ್ಲಿ ಮಾಡಿದ ಪ್ರಯೋಗದಲ್ಲಿ ಆಂಜಿಯೊಟೆನ್ಸಿನ್‌ನಿಂದ ಬಿಪಿ ಏರಿಸಿದಾಗ ನಾಳದಲ್ಲಿ ಸೂಪರಾಕ್ಸೈಡ್ ಹೆಚ್ಚಿತು, ನಾರ್‌ಎಪಿನೆಫ್ರಿನ್‌ನಿಂದ ಏರಿಸಿದಾಗ ಹೆಚ್ಚಲಿಲ್ಲ. ಹಾಗಾದರೆ ಒತ್ತಡಕ್ಕಿಂತ ಉತ್ಕರ್ಷಣವೇ ಮುಖ್ಯ, ಅದನ್ನು ನೇರವಾಗಿ ತಡೆಯುವ ಮಾತ್ರೆಯೇ ಉಳಿದವುಗಳಿಗಿಂತ ಮೇಲು ಎನ್ನಬಾರದೇಕೆ? ಔಷಧ ಕಂಪನಿಗಳ ಪ್ರತಿನಿಧಿಗಳು ಈ ಮಾತನ್ನು ದಶಕಗಳ ಕಾಲ ವೈದ್ಯರ ಕಿವಿಗೆ ಹಾಕಿದ್ದಾರೆ. ಇದಕ್ಕೆ ಉತ್ತರ ಆಲ್‌ಹ್ಯಾಟ್ ಎಂಬ ಅಧ್ಯಯನದಲ್ಲಿದೆ. 2002ರಲ್ಲಿ ಅದರ ಫಲಿತಾಂಶ ಬಂದಾಗ 55 ದಾಟಿದ 33,357 ಬಿಪಿ ರೋಗಿಗಳು ಕ್ಲೋರ್‌ಥಾಲಿಡೋನ್, ಆಮ್ಲೋಡಿಪಿನ್, ಲಿಸಿನೊಪ್ರಿಲ್ ಎಂಬ ಮೂರು ಮಾತ್ರೆಗಳಲ್ಲಿ ಒಂದನ್ನು ತೆಗೆದುಕೊಂಡಿದ್ದರು. ಕ್ಲೋರ್‌ಥಾಲಿಡೋನ್ ಮೂತ್ರದ ಮೂಲಕ ಉಪ್ಪು, ನೀರು ಹೊರಹಾಕುವ ಹಳೇ ಕಾಲದ ಮಾತ್ರೆ. ಉಪ್ಪು ಹೋದಾಗ ದೇಹ ಆಂಜಿಯೊಟೆನ್ಸಿನ್ ಅನ್ನು ಏರಿಸಿಕೊಳ್ಳುತ್ತದೆ. ಉತ್ಕರ್ಷಣದ ಸಿದ್ಧಾಂತವೊಂದನ್ನೇ ಹಿಡಿದು ಹೊರಟರೆ ಈ ಮಾತ್ರೆ ಸೋಲಬೇಕಿತ್ತು. ಸೋಲಲಿಲ್ಲ. ಹೃದಯಾಘಾತ ಮತ್ತು ಪರಿಧಮನಿ ರೋಗದ ಸಾವಿನಲ್ಲಿ ಮೂರೂ ಸಮ. ಹೃದಯ ವೈಫಲ್ಯವನ್ನು ತಡೆಯುವಲ್ಲಿ ಹಳೆಯದೇ ಮುಂದು. ಲೈಫ್‌ನ ಫಲಿತಾಂಶಕ್ಕೂ ಒಂದು ವಿವರಣೆ ನಂತರ ಸಿಕ್ಕಿತು. ಅಟೆನೊಲಾಲ್ ಗುಂಪಿನವರ ತೋಳಿನಲ್ಲಿ ಅಂಕಿ ಸಮವಿದ್ದರೂ ಹೃದಯದ ಹತ್ತಿರದ ಮಹಾಧಮನಿಯಲ್ಲಿ ಒತ್ತಡ ಹೆಚ್ಚೇ ಉಳಿಯುತ್ತದೆಂದು ಇನ್ನೊಂದು ಅಧ್ಯಯನ 2006ರಲ್ಲಿ ಅಳೆದು ತೋರಿಸಿತು. ಲೊಸಾರ್ಟಾನ್ ಗೆದ್ದದ್ದರಲ್ಲಿ ಎದುರಾಳಿಯ ದೌರ್ಬಲ್ಯದ ಪಾಲೂ ಇದೆ.

ಹಾಗೆಂದು ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಗುಂಪುಗಳಿಗೆ ವಿಶೇಷ ಗುಣವೇ ಇಲ್ಲ ಎಂದಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುವ ಸಕ್ಕರೆ ರೋಗಿಗೆ, ಹೃದಯ ದುರ್ಬಲವಾದವರಿಗೆ ಆ ಗುಂಪುಗಳು ಮೊದಲ ಆಯ್ಕೆ, ಅದಕ್ಕೆ ಗಟ್ಟಿ ಪುರಾವೆ ಇದೆ. ನಾನು ಹೇಳುವುದು ಬೇರೆ. ಅಂಥ ಕಾರಣ ಇಲ್ಲದ ಸಾಮಾನ್ಯ ಹಿರಿಯರಿಗೆ ಒತ್ತಡ ಇಳಿಸುವ ಯಾವ ಒಳ್ಳೆಯ ಮಾತ್ರೆಯೂ ನಾಳವನ್ನು ಕಾಯುತ್ತದೆ. ಒತ್ತಡವೇ ನಾಳದ ಗೋಡೆಯನ್ನು ಎಳೆದು ಉತ್ಕರ್ಷಣವನ್ನು ಕೆರಳಿಸುವ ಕಾರಣಗಳಲ್ಲಿ ಒಂದಾದ್ದರಿಂದ, ಒತ್ತಡ ಇಳಿದರೆ ಆ ಕೆರಳಿಕೆಯೂ ಇಳಿಯುತ್ತದೆ. 2017ರಲ್ಲಿ ಶುರುವಾದ ಭಾರತೀಯ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್‌ಥಾಲಿಡೋನ್ ಎಂಬ ಮೂರೇ ಹೆಸರಿನ ಸುತ್ತ ಸರಳ ಚಿಕಿತ್ಸಾಕ್ರಮ ಕಟ್ಟಿಕೊಂಡದ್ದು ಬಡವರಿಗೆ ಇಷ್ಟೇ ಸಾಕು ಎಂಬ ಉದಾಸೀನದಿಂದಲ್ಲ. ಪುರಾವೆ ಹೇಳಿದ್ದು ಅದನ್ನೇ.

ಹಿರಿಯರಿಗೆಂದೇ ನಡೆದ ಅಧ್ಯಯನಗಳತ್ತ ಬರುತ್ತೇನೆ. ಮೇಲಿನ ಅಂಕಿ ಮಾತ್ರ ಏರಿದ, 60 ದಾಟಿದ 4,736 ಜನರ ಮೇಲೆ ನಡೆದ ಷೆಪ್ ಅಧ್ಯಯನ 1991ರಲ್ಲಿ ಹೊರಬಂತು. ಕಡಿಮೆ ಪ್ರಮಾಣದ ಕ್ಲೋರ್‌ಥಾಲಿಡೋನ್‌ನಿಂದ ಶುರುಮಾಡಿದ ಚಿಕಿತ್ಸೆ ಲಕ್ವವನ್ನು ನೂರಕ್ಕೆ 36ರಷ್ಟು ತಗ್ಗಿಸಿತು. ವಯೋಸಹಜ ಎಂಬ ಮಾತು ಅಂದೇ ಬಿದ್ದುಹೋಗಬೇಕಿತ್ತು. ಎಂಬತ್ತು ದಾಟಿದವರ ಬಗ್ಗೆ ಉಳಿದಿದ್ದ ಅನುಮಾನವನ್ನು 2008ರ ಹೈವೆಟ್ ಅಧ್ಯಯನ ತೀರಿಸಿತು. 3,845 ಮಂದಿ ಎಂಬತ್ತರ ಮೇಲಿನವರು, ಇಂಡಪಮೈಡ್, ಬೇಕಾದರೆ ಜೊತೆಗೆ ಪೆರಿಂಡೊಪ್ರಿಲ್, ಗುರಿ 150/80. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಧಿಗೆ ಮುಂಚೆಯೇ ಅಧ್ಯಯನ ನಿಲ್ಲಿಸಬೇಕಾಯಿತು: ಒಟ್ಟು ಸಾವು ನೂರಕ್ಕೆ 21, ಹೃದಯ ವೈಫಲ್ಯ 64ರಷ್ಟು ಕಡಿಮೆ. ಎಂಬತ್ತರ ಅಜ್ಜಿಗೆ ಇನ್ನೇತಕ್ಕೆ ಮಾತ್ರೆ ಎನ್ನುವವರ ಮುಂದೆ ಇಡಬೇಕಾದ ಅಂಕಿ ಇದು.

ಸಸ್ಯಮೂಲದ ಮದ್ದಿನ ಪರವಾಗಿ ಮಾತಾಡುವವರಿಗೆ ಷೆಪ್ ಅಧ್ಯಯನದಲ್ಲಿ ಒಂದು ಸ್ವಾರಸ್ಯವಿದೆ. ಅದರಲ್ಲಿ ಮೊದಲ ಮಾತ್ರೆ ಸಾಲದಾದಾಗ ಸೇರಿಸುತ್ತಿದ್ದ ಔಷಧಗಳಲ್ಲಿ ಒಂದು ರಿಸರ್ಪಿನ್, ನಮ್ಮ ಸರ್ಪಗಂಧಿಯ ಬೇರಿನದು. ಆ ಬೇರು ಬಿಪಿ ಇಳಿಸುವುದನ್ನು 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಬರೆದರು, 1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಪತ್ರಿಕೆಯಲ್ಲಿ ತಮ್ಮ ಅನುಭವ ಪ್ರಕಟಿಸಿ ಲೋಕದ ಗಮನ ಸೆಳೆದರು, 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪಿನ್ ಬೇರ್ಪಟ್ಟಿತು. ಗಿಡದಿಂದ ಬಂದದ್ದು ನಿರಪಾಯವೇನೂ ಆಗಿರಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮನಸ್ಸು ಕುಗ್ಗಿಹೋಗುವ ದೂರುಗಳು ಬಂದವು. ಪ್ರಮಾಣ ಅಳೆದು, ಇಳಿಸಿ, ಸಾವಿರಾರು ಜನರಲ್ಲಿ ನೋಡಿದ ಮೇಲಷ್ಟೇ ಅದು ನಂಬುವ ಔಷಧವಾಯಿತು. ಅದೇ ಅಳತೆಯನ್ನು ಇಂದಿನ ರಸ, ಪುಡಿಗಳಿಗೂ ಹಿಡಿಯಬೇಕು ಎನ್ನುವುದು ಪರಂಪರೆಗೆ ಮಾಡುವ ಅಪಚಾರವಲ್ಲ.

ಊಟದ ಮಾತು ಬೇರೆ. ಸೊಪ್ಪು, ಕಾಳು, ಹಣ್ಣು ತಿಂದರೆ ಬಿಪಿ ಇಳಿಯುತ್ತದಲ್ಲ, ಅದು ಆಂಟಿಆಕ್ಸಿಡೆಂಟಿನ ಗೆಲುವಲ್ಲವೇ ಎಂದು ಕೇಳುವವರಿದ್ದಾರೆ. ಇಳಿಯುವುದು ನಿಜ. 1997ರ ಡ್ಯಾಷ್ ಅಧ್ಯಯನದಲ್ಲಿ ಹಣ್ಣು ತರಕಾರಿ ಹೆಚ್ಚಿದ್ದು ಕೊಬ್ಬು ಕಡಿಮೆಯಿದ್ದ ಊಟ ಬಿಪಿ ಇದ್ದವರ ಮೇಲಿನ ಅಂಕಿಯನ್ನು 11ಕ್ಕೂ ಹೆಚ್ಚು ಇಳಿಸಿತು. ಆದರೆ ಆ ಊಟದಲ್ಲಿ ಪೊಟ್ಯಾಸಿಯಮ್ ಇದೆ, ನಾರಿದೆ, ಕ್ಯಾಲ್ಸಿಯಮ್ ಇದೆ. ಅದರಿಂದ ಒಂದು ವಿಟಮಿನ್ ಹೆಕ್ಕಿ ಕ್ಯಾಪ್ಸೂಲಿಗೆ ತುಂಬಿದರೆ ಊಟದ ಗುಣ ಬರುವುದಿಲ್ಲ ಎಂಬುದನ್ನು ಹೋಪ್ ತೋರಿಸಿಯಾಗಿದೆ. ಉಪ್ಪಿನ ಪಾಲೂ ದೊಡ್ಡದೇ. ಚೀನಾದ 600 ಹಳ್ಳಿಗಳಲ್ಲಿ ಲಕ್ವ ಹೊಡೆದಿದ್ದ ಅಥವಾ ಬಿಪಿ ಇದ್ದ ಸುಮಾರು 21 ಸಾವಿರ ಹಿರಿಯರಲ್ಲಿ ಅರ್ಧದಷ್ಟು ಮಂದಿಯ ಅಡುಗೆಮನೆಯಲ್ಲಿ ಸಾಮಾನ್ಯ ಉಪ್ಪಿನ ಬದಲು ಕಾಲುಭಾಗ ಪೊಟ್ಯಾಸಿಯಮ್ ಬೆರೆಸಿದ ಉಪ್ಪು ಕೊಟ್ಟಾಗ ಲಕ್ವ ನೂರಕ್ಕೆ 14ರಷ್ಟು ತಗ್ಗಿತು. ಫಲಿತಾಂಶ ಬಂದದ್ದು 2021ರಲ್ಲಿ. ನಮ್ಮ ಸೀಮೆಯ ಮುದ್ದೆ, ಬಸ್ಸಾರು, ಅವರೆಕಾಳು ಹಿರಿಯರಿಗೆ ಒಳ್ಳೆಯ ಊಟವೇ. ಕೆಡಿಸುವುದು ಪಕ್ಕದಲ್ಲಿ ಕೂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮತ್ತು ಸಪ್ಪೆಯಾಯಿತೆಂದು ಎಲೆಯ ತುದಿಗೆ ಬಡಿಸಿಕೊಳ್ಳುವ ಹಸಿ ಉಪ್ಪು. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ, ಅದರಲ್ಲೂ ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದ ಕಡೆಯವರಿಗೆ. ಮೂತ್ರಪಿಂಡ ದುರ್ಬಲವಾಗಿದ್ದು ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರು ಪೊಟ್ಯಾಸಿಯಮ್ ಉಪ್ಪನ್ನೂ, ದಿನಕ್ಕೆ ಹಲವು ಎಳನೀರನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ರಕ್ತದಲ್ಲಿ ಪೊಟ್ಯಾಸಿಯಮ್ ಏರಿದರೆ ಹೃದಯದ ಲಯವೇ ತಪ್ಪುತ್ತದೆ.

ಉತ್ಕರ್ಷಣದ ಒತ್ತಡವನ್ನು ಹೊರಗಿನಿಂದ ತಂದು ಸುರಿಯುವ ದಾರಿಗಳೂ ನಮ್ಮಲ್ಲಿವೆ. ಆಂಟಿಆಕ್ಸಿಡೆಂಟ್ ಹುಡುಕುವ ಮೊದಲು ಅವನ್ನು ಮುಚ್ಚುವುದು ಜಾಣತನ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ನಾಡು. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ, ಸುತ್ತಿನ ಊರುಗಳಲ್ಲಿ ಸೊಪ್ಪು ಬೇಯಿಸುವ ಬ್ಯಾರನ್‌ಗಳಿವೆ. ಸೌದೆಯ ಹೊಗೆಯಾಗಲಿ ಬೀಡಿಯ ಹೊಗೆಯಾಗಲಿ ಒಂದೊಂದು ಉಸಿರಿಗೂ ಲೆಕ್ಕವಿಲ್ಲದಷ್ಟು ಫ್ರೀ ರ‍್ಯಾಡಿಕಲ್‌ಗಳನ್ನು ಶ್ವಾಸಕೋಶಕ್ಕೆ ತರುತ್ತದೆ. ಬೀಡಿ ಮುಟ್ಟದ ಅಜ್ಜಿಯರ ಎಲೆಅಡಿಕೆಯಲ್ಲಿ ಕಡ್ಡಿಪುಡಿ ಇರುತ್ತದೆ. ಅದರ ನಿಕೋಟಿನ್ ಕೂಡ ಬಿಪಿ ಏರಿಸುತ್ತದೆ. ಇದಕ್ಕಿಂತ ಕಡಿಮೆ ಗಮನಕ್ಕೆ ಬರುವ ಕಳ್ಳ ಇನ್ನೊಬ್ಬನಿದ್ದಾನೆ: ನೋವಿನ ಮಾತ್ರೆ. ಗದ್ದೆ ಕೆಲಸದಲ್ಲಿ ಸವೆದ ಮಂಡಿಗೆ, ಸೊಂಟಕ್ಕೆ ಡೈಕ್ಲೊಫೆನಾಕ್ ಜಾತಿಯ ಮಾತ್ರೆಯನ್ನು ಚೀಟಿಯಿಲ್ಲದೆ ಅಂಗಡಿಯಿಂದ ತಂದು ವಾರಗಟ್ಟಲೆ ನುಂಗುತ್ತಾರೆ. ಅದು ದೇಹದಲ್ಲಿ ಉಪ್ಪು ನಿಲ್ಲಿಸಿ ಬಿಪಿ ಏರಿಸುತ್ತದೆ, ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಬಿಪಿ ಮಾತ್ರೆ ತಿಂದು ಕಿಡ್ನಿ ಹೋಯಿತು ಎಂಬ ಜನಪ್ರಿಯ ದೂರಿನ ಹಿಂದೆ ಬಹಳ ಸಲ ಇರುವುದು ಈ ನೋವಿನ ಮಾತ್ರೆ, ಇಲ್ಲವೇ ವರ್ಷಗಳ ಕಾಲ ಇಳಿಸದೇ ಬಿಟ್ಟ ಬಿಪಿಯೇ.

ಹೀಗೆ ನೋಡಿದರೆ ಹಾಸನದ ಪ್ರಶ್ನೆ ಔಷಧದ ಕೊರತೆಯದ್ದಲ್ಲ, ನಿರಂತರತೆಯದ್ದು. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79 ವಯಸ್ಸಿನ ಬಿಪಿ ರೋಗಿಗಳಲ್ಲಿ ತಮಗೆ ರೋಗವಿದೆ ಎಂದು ಗೊತ್ತಿರುವವರು ನೂರಕ್ಕೆ 37, ಚಿಕಿತ್ಸೆಯಲ್ಲಿರುವವರು 30, ಅಂಕಿ ಹತೋಟಿಯಲ್ಲಿರುವವರು 15. ಅಂದರೆ ಮಾತ್ರೆ ಶುರುಮಾಡಿದವರಲ್ಲೇ ಅರ್ಧ ಜನರ ಒತ್ತಡ ಇಳಿದಿಲ್ಲ. ಕಾರಣಗಳು ಎಲ್ಲರಿಗೂ ಗೊತ್ತಿರುವವೇ. ತಲೆ ಸುತ್ತಿದಾಗ ಮಾತ್ರ ನುಂಗುವುದು. ಅಂಕಿ ಸರಿಬಂತು, ವಾಸಿಯಾಯಿತೆಂದು ನಿಲ್ಲಿಸುವುದು. ಉಪವಾಸದ ದಿನ ಬಿಡುವುದು. ಬೆಂಗಳೂರಿನ ಮಗನ ಮನೆಗೆ ಹೊರಟಾಗ ಸ್ಟ್ರಿಪ್ ಮರೆಯುವುದು. ನಾಳದೊಳಗಿನ ಚಕ್ರ ಹಬ್ಬ ಹರಿದಿನ ನೋಡುವುದಿಲ್ಲ. ಮಾತ್ರೆಯ ಪ್ರಭಾವ ಇಳಿದೊಡನೆ ಮತ್ತೆ ತಿರುಗಲು ತೊಡಗುತ್ತದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲಿ ಬಿಪಿ ನೋಡಿ ಮಾತ್ರೆ ತಲುಪಿಸುವ ಉದ್ದೇಶ ಹೊಂದಿದೆ. ಅದು ಎಷ್ಟು ಮನೆಗೆ ಹೋಯಿತು ಎಂಬ ಲೆಕ್ಕಕ್ಕಿಂತ, ಹೋದ ಮನೆಯ ಹಿರಿಯರ ಅಂಕಿ ಆರು ತಿಂಗಳ ನಂತರ 140ರ ಕೆಳಗಿದೆಯೇ ಎಂಬ ಲೆಕ್ಕವನ್ನು ಹೊಳೆನರಸೀಪುರ, ಅರಕಲಗೂಡಿನ ಆಸ್ಪತ್ರೆಗಳಿಂದ ನಾವು ಕೇಳಬೇಕು. 2006ರಿಂದ ಹಾಸನದಲ್ಲಿ ಹಿಮ್ಸ್ ಎಂಬ ವೈದ್ಯಕೀಯ ಕಾಲೇಜಿದೆ. ತಾಲ್ಲೂಕುವಾರು ಇಂಥ ಲೆಕ್ಕ ಇಡುವುದು ಅದಕ್ಕೆ ಭಾರವೇನಲ್ಲ. ಹಿಮ್ಸ್‌ನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠವೂ ಸಿಗಲಾರದು.

ಕೊನೆಯ ಆಕ್ಷೇಪ ಅತ್ಯಂತ ನ್ಯಾಯವಾದದ್ದು. ಮಾತ್ರೆ ಹೆಚ್ಚಾಗಿ ಎದ್ದು ನಿಂತಾಗ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಉಳಿಸಿದ ನಾಳದಿಂದ ಏನು ಬಂತು? ಹೈವೆಟ್‌ಗೆ ಸೇರಿದವರು ಎಂಬತ್ತು ದಾಟಿದರೂ ಒಂದಿಷ್ಟು ಗಟ್ಟಿಯಿದ್ದವರು. ಮರೆವಿನ ರೋಗ ಇದ್ದವರನ್ನೂ, ದಾದಿಯರ ಆರೈಕೆಯಲ್ಲೇ ಇರಬೇಕಾದವರನ್ನೂ ಅದು ಸೇರಿಸಿಕೊಂಡಿರಲಿಲ್ಲ. ಹಾಸಿಗೆ ಹಿಡಿದ, ತೂಕ ಇಳಿದ, ನೆನಪು ಮಾಸಿದ ಹಿರಿಯರಿಗೆ ಆ ಅಂಕಿಗಳನ್ನು ಹಾಗೇ ಅನ್ವಯಿಸುವುದು ತಪ್ಪು. ಎಂಬತ್ತು ದಾಟಿ, ಎರಡು ಅಥವಾ ಹೆಚ್ಚು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದ 569 ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿನಲ್ಲಿ ಒಂದು ಮಾತ್ರೆಯನ್ನು ತೆಗೆದು ನೋಡಿದ ಇಂಗ್ಲೆಂಡಿನ ಆಪ್ಟಿಮೈಸ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರದ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ ಎಂಬತ್ತಾರಕ್ಕೂ ಹೆಚ್ಚು ಮಂದಿಯ ಅಂಕಿ 150ರ ಒಳಗೇ ಇತ್ತು. ಮಾತ್ರೆ ತೆಗೆದವರಲ್ಲಿ ಸರಾಸರಿ 3.4 ಹೆಚ್ಚು. ಆದ್ದರಿಂದ ಇಳಿಸಲು ಅವಕಾಶವಿದೆ. ಆದರೆ ಇಳಿಸುವುದು ವೈದ್ಯರ ಲೆಕ್ಕದಲ್ಲಿ ಆಗಬೇಕು: ಒಮ್ಮೆಗೆ ಒಂದೇ ಮಾತ್ರೆ, ಕೆಲವು ವಾರ ಬಿಟ್ಟು ಮತ್ತೆ ಅಳತೆ, ಏರಿದರೆ ಮರಳಿ ಶುರು. ಮತ್ತು ಯಾವ ಹಿರಿಯರ ಬಿಪಿ ನೋಡಿದರೂ ಕೂತಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಕುಸಿದರೆ ಮಾತ್ರೆಯನ್ನು ಬದಲಿಸುವುದೋ, ಪ್ರಮಾಣ ಇಳಿಸುವುದೋ, ರಾತ್ರಿ ಎದ್ದು ಬಚ್ಚಲಿಗೆ ಹೋಗುವ ಹಿರಿಯರ ಮಂಚದ ಪಕ್ಕ ದೀಪದ ಸ್ವಿಚ್ಚು ಹಾಕಿಸುವುದೋ, ಮೂರೂ ಒಟ್ಟಿಗೋ ಎಂದು ವೈದ್ಯರೂ ಮನೆಯವರೂ ಕೂತು ತೀರ್ಮಾನಿಸಬೇಕಾಗುತ್ತದೆ.